ಹೊಂಗೆ ಎಂಬ ಪದಕ್ಕೆ 22 ಬೈಟ್: ಆ್ಯಪ್‌ನಲ್ಲಿ ಎನ್‌ಎಫ್‌ಸಿ ಸಂದೇಶಗಳನ್ನು ನಿಭಾಯಿಸುವುದು

ಎನ್‌ಎಫ್‌ಸಿ ಓದುವ ಆ್ಯಪ್ ಬರೆಯಲು ಹೊರಟವರು ಮೊದಲು ಮಾಡುವ ಪ್ರಯೋಗ ಹೆಚ್ಚುಕಡಿಮೆ ಒಂದೇ: ಜೇಬಿನಲ್ಲಿರುವ ಮೆಟ್ರೊ ಕಾರ್ಡನ್ನೋ ಬ್ಯಾಂಕ್ ಕಾರ್ಡನ್ನೋ ಫೋನಿನ ಬೆನ್ನಿಗೆ ಹಿಡಿಯುವುದು. ಫೋನು ಸದ್ದು ಮಾಡುತ್ತದೆ, ಆ್ಯಪ್‌ಗೆ ಮಾತ್ರ ಏನೂ ಸಿಗುವುದಿಲ್ಲ. ಕೋಡನ್ನು ಎಷ್ಟು ತಡಕಾಡಿದರೂ ತಪ್ಪು ಕಾಣದು, ಏಕೆಂದರೆ ತಪ್ಪು ಅಲ್ಲಿಲ್ಲ. ನಮ್ಮ ಮೆಟ್ರೊದಲ್ಲಿ ನಡೆಯುವ ಎನ್‌ಸಿಎಂಸಿ ಕಾರ್ಡು ರುಪೇ ಪಾವತಿ ಕಾರ್ಡಿನ ಜಾತಿಯದು. ಅದರೊಳಗಿನ ಚಿಪ್ಪು ಆಜ್ಞೆ ಕೇಳಿ ಉತ್ತರ ಕೊಡುತ್ತದೆ, ಗುಟ್ಟಿನ ಕೀಲಿಗಳನ್ನು ಕಾಯುತ್ತದೆ. ನಾವು ಹುಡುಕುತ್ತಿರುವ ಎನ್‌ಡೆಫ್ ಸಂದೇಶ ಅದರಲ್ಲಿ ಇರುವುದೇ ಇಲ್ಲ.

ಎನ್‌ಎಫ್‌ಸಿ ಬೇರೆ, ಎನ್‌ಡೆಫ್ ಬೇರೆ. ಮೊದಲನೆಯದು 13.56 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲವೇ ಸೆಂಟಿಮೀಟರ್ ದೂರ ನಡೆಯುವ ರೇಡಿಯೊ ಸಂಪರ್ಕ. ಫೋನು ಓದುವ ಪುಟ್ಟ ಚಿಪ್ಪಿನ ಸ್ಟಿಕರ್ ಅಥವಾ ಕಾರ್ಡಿಗೆ ಟ್ಯಾಗ್ ಎನ್ನುತ್ತಾರೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ, ಫೋನಿನ ಆಂಟೆನಾ ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಅದು ಜೀವ ಪಡೆಯುತ್ತದೆ. ಎರಡನೆಯದು ಆ ಸಂಪರ್ಕದ ಮೇಲೆ ಸಾಗುವ ದತ್ತಾಂಶವನ್ನು ಹೇಗೆ ಜೋಡಿಸಿಡಬೇಕು ಎಂಬ ಒಪ್ಪಂದ. ನೋಕಿಯಾ, ಫಿಲಿಪ್ಸ್, ಸೋನಿ ಕಂಪನಿಗಳು 2004ರಲ್ಲಿ ಕಟ್ಟಿದ ಎನ್‌ಎಫ್‌ಸಿ ಫೋರಂ 2006ರಲ್ಲಿ ಈ ಒಪ್ಪಂದವನ್ನು ಪ್ರಕಟಿಸಿತು. ಆ್ಯಂಡ್ರಾಯ್ಡ್‌ಗೆ ಎನ್‌ಎಫ್‌ಸಿ ಬಂದದ್ದು 2010ರ ಕೊನೆಗೆ, ನೆಕ್ಸಸ್ ಎಸ್ ಫೋನಿನ ಜೊತೆ. ಟ್ಯಾಗ್‌ಗೆ ಬರೆಯಲು ಅನುವಾದದ್ದು 2011ರ 2.3.3 ಆವೃತ್ತಿಯಲ್ಲಿ.

ಕಲಿಕೆಯ ಪಾಠಗಳೆಲ್ಲ ಇಂಟೆಂಟ್ (ಸಿಸ್ಟಮ್ ಆ್ಯಪ್‌ಗೆ ಕಳುಹಿಸುವ ಸೂಚನೆ), ಮ್ಯಾನಿಫೆಸ್ಟ್ (ಆ್ಯಪ್ ತನ್ನ ವಿವರ ಬರೆದಿಡುವ ಕಡತ), ಫಿಲ್ಟರ್‌ (ಯಾವ ಸೂಚನೆ ತನಗೆ ಬೇಕೆಂಬ ಘೋಷಣೆ) ಇವುಗಳಿಂದ ಶುರುವಾಗುತ್ತವೆ. ನನಗೆ ಅದು ತುದಿಯಿಂದ ಬುಡಕ್ಕೆ ಹೋದಂತೆ ಕಾಣುತ್ತದೆ. ಬೈಟುಗಳು ಹೇಗೆ ಕೂತಿವೆ ಎಂದು ಮೊದಲು ತಿಳಿದರೆ ಆ್ಯಂಡ್ರಾಯ್ಡ್ ಏಕೆ ಹಾಗೆ ವರ್ತಿಸುತ್ತದೆ ಎಂಬುದರ ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದರಲ್ಲೂ ಕನ್ನಡದ ಪಠ್ಯ ಬರೆಯುವವರಿಗೆ ಇದನ್ನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಕೈಯಲ್ಲೇ ಬಿಡಿಸಿ ನೋಡೋಣ

ಉದ್ಯಾನವೊಂದರ ಮರಗಳಿಗೆ ಟ್ಯಾಗ್ ಅಂಟಿಸಿ, ಫೋನ್ ಹಿಡಿದವರಿಗೆ ಮರದ ಹೆಸರು ತೋರಿಸುವ ಆ್ಯಪ್ ಬರೆಯುತ್ತಿದ್ದೇವೆ ಎಂದುಕೊಳ್ಳಿ. ಟ್ಯಾಗ್‌ನಲ್ಲಿ ಇರಬೇಕಾದದ್ದು ಒಂದೇ ಪದ, ಹೊಂಗೆ. ಅದರ ಎನ್‌ಡೆಫ್ ಸಂದೇಶವನ್ನು ದಶಮಾನ ಸಂಖ್ಯೆಗಳಲ್ಲಿ ಬರೆದರೆ ಹೀಗಿರುತ್ತದೆ:

209, 1, 18, 84, 2, 107, 110, 224, 178, 185, 224, 179, 138, 224, 178, 130, 224, 178, 151, 224, 179, 134

ಒಟ್ಟು 22 ಬೈಟ್. ಒಂದು ಸಂದೇಶದಲ್ಲಿ ಒಂದು ಅಥವಾ ಹೆಚ್ಚು ರೆಕಾರ್ಡ್‌ಗಳಿರಬಹುದು, ಇಲ್ಲಿ ಇರುವುದು ಒಂದೇ. ಪ್ರತಿ ರೆಕಾರ್ಡ್‌ನ ಮೊದಲ ಬೈಟಿನಲ್ಲಿ ಅದರ ಜಾತಕವೆಲ್ಲ ಇರುತ್ತದೆ. 209ನ್ನು ದ್ವಿಮಾನದಲ್ಲಿ ಬರೆಯಿರಿ: 11010001.

ಎಡತುದಿಯ ಬಿಟ್ 1 ಆಗಿದ್ದರೆ ಇದು ಸಂದೇಶದ ಮೊದಲ ರೆಕಾರ್ಡ್. ಅದರ ಪಕ್ಕದ್ದು 1 ಆಗಿದ್ದರೆ ಇದೇ ಕೊನೆಯದು. ರೈಲಿನ ಕೊನೆಯ ಬೋಗಿಯ ಬೆನ್ನಿಗೆ ದೊಡ್ಡ ಕತ್ತರಿ ಗುರುತು ಬಳಿದಿರುತ್ತಾರಲ್ಲ, ಅದು ಕಂಡರೆ ಮಾತ್ರ ರೈಲು ಪೂರ್ತಿ ದಾಟಿತೆಂದು ಸ್ಟೇಷನ್ ಮಾಸ್ತರರು ನಂಬುತ್ತಾರೆ. ಎರಡನೇ ಬಿಟ್ ಮಾಡುವುದೂ ಅದೇ ಕೆಲಸ. ಇಡೀ ಸಂದೇಶ ಎಷ್ಟು ರೆಕಾರ್ಡ್‌ಗಳದ್ದು ಎಂದು ಎನ್‌ಡೆಫ್ ಎಲ್ಲೂ ಮುಂಚಿತವಾಗಿ ಹೇಳುವುದಿಲ್ಲ, ಆ ಗುರುತು ಸಿಗುವವರೆಗೆ ಓದುತ್ತ ಹೋಗಬೇಕು. ಇಲ್ಲಿ ಒಂದೇ ರೆಕಾರ್ಡ್ ಆದ್ದರಿಂದ ಎರಡೂ ಬಿಟ್‌ಗಳು 1.

ಮೂರನೆಯ ಬಿಟ್ ದೊಡ್ಡ ದತ್ತಾಂಶವನ್ನು ತುಂಡುತುಂಡಾಗಿ ಕಳುಹಿಸುವಾಗಿನದು. ಟ್ಯಾಗ್‌ಗಳಲ್ಲಿ ಅಪರೂಪ, ಬಂದರೂ ಆ್ಯಂಡ್ರಾಯ್ಡ್ ತಾನೇ ಜೋಡಿಸಿ ಕೊಡುತ್ತದೆ. ನಾಲ್ಕನೆಯದು 1 ಇದ್ದರೆ ಇದು ಗಿಡ್ಡ ರೆಕಾರ್ಡ್: ಪೇಲೋಡ್‌ನ, ಅಂದರೆ ರೆಕಾರ್ಡ್ ಹೊತ್ತ ಸರಕಿನ, ಉದ್ದವನ್ನು ಒಂದೇ ಬೈಟಿನಲ್ಲಿ ಬರೆದಿದೆ, ಅಂದರೆ 255 ಬೈಟ್‌ವರೆಗೆ ಸರಿ. 0 ಇದ್ದರೆ ಅದೇ ಉದ್ದಕ್ಕೆ 4 ಬೈಟ್ ಮೀಸಲು. ತಾವೇ ಪಾರ್ಸರ್ (ಬೈಟುಗಳನ್ನು ಬಿಡಿಸುವ ಕೋಡ್) ಬರೆಯುವವರು ಎಡವುವುದು ಇಲ್ಲೇ. ಚಿಕ್ಕ ಟ್ಯಾಗ್‌ಗಳಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದುಕೊಂಡಿರುತ್ತಾರೆ, 300 ಬೈಟಿನ ವಿಸಿಟಿಂಗ್ ಕಾರ್ಡ್ ಬಂದ ದಿನ ಲೆಕ್ಕವೆಲ್ಲ ಮೂರು ಬೈಟ್ ಆಚೆ ಸರಿದಿರುತ್ತದೆ. ಐದನೆಯ ಬಿಟ್ ರೆಕಾರ್ಡ್‌ಗೆ ಪ್ರತ್ಯೇಕ ಗುರುತಿನ ಹೆಸರು ಇದೆಯೇ ಎಂಬುದು. ಸಾಮಾನ್ಯವಾಗಿ ಇರುವುದಿಲ್ಲ.

ಉಳಿದ ಮೂರು ಬಿಟ್‌ಗಳು, ಅಂದರೆ 001, ಮುಂದೆ ಬರುವ ಪ್ರಕಾರದ ಹೆಸರನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂದು ಹೇಳುತ್ತವೆ. ಇದಕ್ಕೆ ಟಿಎನ್‌ಎಫ್ ಎನ್ನುತ್ತಾರೆ. 1 ಎಂದರೆ ಎನ್‌ಎಫ್‌ಸಿ ಫೋರಂ ತಾನೇ ಹೆಸರಿಟ್ಟ ಪ್ರಕಾರ. 2 ಎಂದರೆ ಮೈಮ್ ಪ್ರಕಾರ, ಅಂದರೆ ದತ್ತಾಂಶ ಪಠ್ಯವೋ ಚಿತ್ರವೋ ಎಂದು ಹೇಳಲು ಇಂಟರ್‌ನೆಟ್ಟಿನಲ್ಲಿ ಬಳಸುವ ಹೆಸರು. 4 ಎಂದರೆ ಯಾರಾದರೂ ತಮ್ಮ ಡೊಮೈನ್ ಹೆಸರಿನಡಿ ಮಾಡಿಕೊಂಡ ಸ್ವಂತ ಪ್ರಕಾರ. ದಿನನಿತ್ಯದ ಕೆಲಸಕ್ಕೆ ಈ ಮೂರು ಸಾಕು. 3ಕ್ಕೆ ಪೂರ್ಣ ಯುಆರ್‌ಐ ಎಂಬ ಹೆಸರಿದೆ. ವೆಬ್ ವಿಳಾಸ ಇಡಬೇಕಾದರೆ ಇದೇ ಎಂದು ಹಲವರು ಮೋಸಹೋಗುತ್ತಾರೆ. ಅದರಲ್ಲಿ ವಿಳಾಸ ಕೂರುವುದು ಪೇಲೋಡ್‌ನಲ್ಲಲ್ಲ, ಪ್ರಕಾರದ ಜಾಗದಲ್ಲಿ. ವೆಬ್ ವಿಳಾಸಕ್ಕೆ ಬೇಕಾದದ್ದು ಟಿಎನ್‌ಎಫ್ 1ರ ಅಡಿಯ ಯು ಪ್ರಕಾರ.

ಮುಂದಿನದೆಲ್ಲ ಸಲೀಸು. 1 ಎಂಬುದು ಪ್ರಕಾರದ ಹೆಸರಿನ ಉದ್ದ. 18 ಪೇಲೋಡ್‌ನ ಉದ್ದ. 84 ಎಂಬುದು ಇಂಗ್ಲಿಷಿನ ದೊಡ್ಡ ಟಿ ಅಕ್ಷರದ ಸಂಕೇತ, ಅಂದರೆ ಪಠ್ಯ. ಇಲ್ಲಿಗೆ ರೆಕಾರ್ಡ್‌ನ ತಲೆಭಾಗದ 4 ಬೈಟ್ ಮುಗಿಯಿತು. ಇನ್ನು 18 ಬೈಟಿನ ಪೇಲೋಡ್.

ಪೇಲೋಡ್ ಎಂದರೆ ಬರೀ ಪಠ್ಯವೆಂದು ತಿಳಿದು ಅದನ್ನು ಇದ್ದಂತೆಯೇ ಸ್ಟ್ರಿಂಗ್‌ಗೆ ಹಾಕಿದವರ ಪರದೆಯ ಮೇಲೆ ಪದದ ಮುಂದೆ ಒಂದು ವಿಚಿತ್ರ ಚೌಕವೂ ಎರಡು ಇಂಗ್ಲಿಷ್ ಅಕ್ಷರಗಳೂ ಬರುತ್ತವೆ. ಕಾರಣ, ಪಠ್ಯ ರೆಕಾರ್ಡ್‌ನ ಮೊದಲ ಬೈಟು ಸ್ಥಿತಿಯ ಬೈಟು. ಅಕ್ಷರಗಳನ್ನು ಬೈಟುಗಳಾಗಿ ಬರೆದ ಪದ್ಧತಿ ಯಾವುದೆಂದು ಅದರ ಎಡತುದಿಯ ಬಿಟ್ ಹೇಳುತ್ತದೆ: 0 ಆದರೆ ಯುಟಿಎಫ್-8, 1 ಆದರೆ ಯುಟಿಎಫ್-16. ಬಲಗಡೆಯ ಆರು ಬಿಟ್‌ಗಳು ಭಾಷಾ ಸಂಕೇತದ ಉದ್ದ. ನಮ್ಮಲ್ಲಿ ಅದು 2: ಯುಟಿಎಫ್-8, ಎರಡಕ್ಷರದ ಸಂಕೇತ. 107, 110 ಎಂದರೆ ಕೆ, ಎನ್, ಕನ್ನಡದ ಅಂತಾರಾಷ್ಟ್ರೀಯ ಸಂಕೇತ. ಇವು ಮೂರನ್ನು ಬಿಟ್ಟು ಮಿಕ್ಕ 15 ಬೈಟ್‌ಗಳೇ ಹೊಂಗೆ.

ಆ್ಯಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆಗಳಾದ ಕಾಟ್ಲಿನ್, ಜಾವಾ ಎರಡರಲ್ಲೂ ಬೈಟ್ ಎಂಬುದು ಋಣ ಚಿಹ್ನೆ ಹೊರಬಲ್ಲ ಸಂಖ್ಯೆ. 209 ಅಲ್ಲಿ −47 ಆಗಿ ಕಾಣುತ್ತದೆ, 224 −32 ಆಗಿ. ಸ್ಥಿತಿಯ ಬೈಟು 2 ಇರುವವರೆಗೆ ಇದರಿಂದ ತೊಂದರೆಯಿಲ್ಲ. ಯುಟಿಎಫ್-16ರಲ್ಲಿ ಬರೆದ ಟ್ಯಾಗ್ ಬಂದರೆ ಅದೇ ಬೈಟು 130, ಅಂದರೆ −126. ಭಾಷಾ ಸಂಕೇತದ ಉದ್ದ −126 ಎಂದು ನಂಬಿ ಪಠ್ಯ ಕತ್ತರಿಸಲು ಹೋದ ಆ್ಯಪ್ ಅಲ್ಲೇ ಕುಸಿಯುತ್ತದೆ. ಉದ್ದ ಬೇಕಾದರೆ 63ರ ಜೊತೆ, ಎನ್‌ಕೋಡಿಂಗ್ ತಿಳಿಯಬೇಕಾದರೆ 128ರ ಜೊತೆ ಆ್ಯಂಡ್ ಮಾಡಬೇಕು. ಆ್ಯಂಡ್ರಾಯ್ಡ್‌ನ ಎನ್‌ಡೆಫ್‌ರೆಕಾರ್ಡ್ ಕ್ಲಾಸ್‌ನಲ್ಲಿ ಯುಆರ್‌ಐ ತೆಗೆದುಕೊಡಲು ಒಂದು ಮೆಥಡ್ ಇದೆ, ಮೈಮ್ ಪ್ರಕಾರಕ್ಕೆ ಇನ್ನೊಂದಿದೆ, ಪಠ್ಯ ರೆಕಾರ್ಡ್ ಸೃಷ್ಟಿಸಲೂ ಇದೆ. ಪಠ್ಯವನ್ನು ಓದಿಕೊಡಲು ಮಾತ್ರ ಇಲ್ಲ! ಹಾಗಾಗಿ ಮೇಲಿನ ಕಸರತ್ತನ್ನು ಪ್ರತಿಯೊಬ್ಬರೂ ತಾವೇ ಬರೆಯಬೇಕು.

ಕನ್ನಡಕ್ಕೆ ಎಷ್ಟು ಜಾಗ ಬೇಕು

ಹೊಂಗೆ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ಗೆ ಐದು ಸಂಕೇತ: ಹ, ಒತ್ವದ ಚಿಹ್ನೆ, ಸೊನ್ನೆ, ಗ, ಎತ್ವದ ಚಿಹ್ನೆ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು, ಆದ್ದರಿಂದ ಟ್ಯಾಗ್‌ಗೆ ಅದು 15. ಸ್ಟ್ರಿಂಗ್‌ನ ಉದ್ದ ಕೇಳಿದರೆ ಕಾಟ್ಲಿನ್ 5 ಎನ್ನುತ್ತದೆ. ಆ 5ನ್ನು ನಂಬಿ ಜಾಗ ಅಳೆದ ಕೋಡ್ ಇಂಗ್ಲಿಷ್ ಪದಗಳಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡುತ್ತದೆ, ಕನ್ನಡ ಕಂಡೊಡನೆ ಕೈಕೊಡುತ್ತದೆ. ಉದ್ದವನ್ನು ಯಾವಾಗಲೂ ಬೈಟ್ ಸಾಲಿಗೆ ಬದಲಾಯಿಸಿದ ಮೇಲೆಯೇ ಅಳೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ, ಟ್ಯಾಗ್‌ನಲ್ಲಿ ಒಂದು 15 ಬೈಟ್, ಇನ್ನೊಂದು 18. ಓದಿದ ಪದವನ್ನು ಪಟ್ಟಿಯೊಂದರಲ್ಲಿ ಹುಡುಕುವ ಆ್ಯಪ್‌ಗೆ ಇವು ಬೇರೆಬೇರೆ ಪದಗಳಾಗಿಬಿಡುತ್ತವೆ. ಬರೆಯುವ ಮುನ್ನ ಜಾವಾದ ನಾರ್ಮಲೈಸರ್‌ನಿಂದ ಪಠ್ಯವನ್ನು ಒಗ್ಗೂಡಿಸಿದ ರೂಪಕ್ಕೆ ತರುವುದು ಒಳ್ಳೆಯದು. ಆ ರೂಪದ ಹೆಸರೂ ಎನ್‌ಎಫ್‌ಸಿ ಎಂದೇ! ಇದಕ್ಕೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಸ್ಟಿಕರ್ ಟ್ಯಾಗ್‌ಗಳು ಬಹುಪಾಲು ಎನ್‌ಎಕ್ಸ್‌ಪಿ ಕಂಪನಿಯ ಎನ್‌ಟ್ಯಾಗ್ 213, 215, 216. ಬಳಕೆಗೆ ಸಿಗುವ ಜಾಗ ಕ್ರಮವಾಗಿ 144, 504, 888 ಬೈಟ್. ಈ ಜಾಗದಲ್ಲಿ ಸಂದೇಶ ನೇರವಾಗಿ ಕೂರುವುದಿಲ್ಲ. ಅದಕ್ಕೊಂದು ಹೊದಿಕೆ ಇದೆ: ಮೊದಲು 3 ಎಂಬ ಬೈಟು, ನಂತರ ಸಂದೇಶದ ಉದ್ದ, ನಂತರ ಸಂದೇಶ, ಕೊನೆಗೆ ಮುಕ್ತಾಯದ 254. ನಮ್ಮ ಹೊಂಗೆ ಹೀಗೆ 25 ಬೈಟ್ ಆಗುತ್ತದೆ. ಕಾರ್ಖಾನೆಯಿಂದ ಬಂದ 213ರ ತಲೆಯಲ್ಲಿ ಲಾಕ್‌ಗೆ ಸಂಬಂಧಿಸಿದ 5 ಬೈಟ್ ಮೊದಲೇ ಕೂತಿರುತ್ತದೆ. ಅದನ್ನೂ ಹೊದಿಕೆಯ ಮೊದಲೆರಡು ಬೈಟನ್ನೂ ಕಳೆದರೆ ಉಳಿಯುವುದು 137. ಆ್ಯಂಡ್ರಾಯ್ಡ್‌ನ ಗರಿಷ್ಠ ಗಾತ್ರದ ಮೆಥಡ್ 144ರ ಬದಲು 137 ಎಂದರೆ ಗಾಬರಿಯಾಗಬೇಕಿಲ್ಲ.

ಆ 137ರಲ್ಲಿ ರೆಕಾರ್ಡ್‌ನ ತಲೆಗೆ 4, ಸ್ಥಿತಿ ಮತ್ತು ಭಾಷೆಗೆ 3 ಹೋದರೆ 130 ಉಳಿಯುತ್ತದೆ. ಕನ್ನಡದ 43 ಸಂಕೇತ, ಅಂದರೆ ಒಂದು ಗಿಡ್ಡ ವಾಕ್ಯ. ಯುಟಿಎಫ್-16 ಬಳಸಿದರೆ ಪ್ರತಿ ಸಂಕೇತಕ್ಕೆ ಎರಡೇ ಬೈಟ್, 65 ಸಂಕೇತ ಹಿಡಿಯುತ್ತದೆ. ನಿಯಮ ಇದನ್ನು ಒಪ್ಪುತ್ತದೆ. ಆದರೆ ಆ್ಯಂಡ್ರಾಯ್ಡ್‌ನ ಪಠ್ಯ ರೆಕಾರ್ಡ್ ಸೃಷ್ಟಿಸುವ ಮೆಥಡ್ ಯುಟಿಎಫ್-8 ಮಾತ್ರ ಬರೆಯುತ್ತದೆ, ಸ್ಥಿತಿಯ ಬೈಟನ್ನೇ ನೋಡದ ಓದುಗ ಆ್ಯಪ್‌ಗಳು ಬೇರೆ ಇವೆ. ಟ್ಯಾಗ್ ಓದುವುದು ನಿಮ್ಮದೇ ಆ್ಯಪ್ ಒಂದೇ ಆಗಿದ್ದರೆ ಮಾತ್ರ ಈ ಉಳಿತಾಯಕ್ಕೆ ಕೈ ಹಾಕಿ.

ಹಾಗಾದರೆ ಟ್ಯಾಗ್‌ನಲ್ಲಿ ವೆಬ್ ವಿಳಾಸ ಇಟ್ಟು ವಿವರವನ್ನು ಸರ್ವರ್‌ನಿಂದ ತರುವುದು ಜಾಣತನವಲ್ಲವೇ? ಹೌದು, ಒಂದು ಷರತ್ತಿನ ಮೇಲೆ. ಯುಆರ್‌ಐ ರೆಕಾರ್ಡ್ ತಾನೇ ಜಿಪುಣ: ಪೇಲೋಡ್‌ನ ಮೊದಲ ಬೈಟು 4 ಆಗಿದ್ದರೆ ಎಚ್‌ಟಿಟಿಪಿಎಸ್ ಎಂಬ ಮುನ್ನುಡಿಯ ಎಂಟು ಅಕ್ಷರಗಳನ್ನು ಓದುವವರೇ ಸೇರಿಸಿಕೊಳ್ಳುತ್ತಾರೆ. 5 ಆದರೆ ಫೋನ್ ಸಂಖ್ಯೆ, 6 ಆದರೆ ಇಮೇಲ್. ಆದರೆ ಆ ವಿಳಾಸದೊಳಗೆ ಕನ್ನಡ ಪದ ಇಟ್ಟಿರೋ, ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಹಿಗ್ಗಿ ಒಂದೊಂದು ಸಂಕೇತ 9 ಬೈಟ್ ತಿನ್ನುತ್ತದೆ. ಹೊಂಗೆಗೆ 45. ವಿಳಾಸದಲ್ಲಿ ಮರದ ಸಂಖ್ಯೆ ಇಡಿ, ಹೆಸರು ಸರ್ವರ್‌ನಲ್ಲಿರಲಿ. ನೆಟ್‌ವರ್ಕ್ ಸಿಗದ ಜಾಗವಾದರೆ ಎರಡನೇ ರೆಕಾರ್ಡ್ ಆಗಿ ಹೆಸರನ್ನೂ ಸೇರಿಸಬಹುದು.

ಸಂದೇಶ ಯಾರ ಮನೆಗೆ ಹೋಗುತ್ತದೆ

ಈಗ ಆ್ಯಂಡ್ರಾಯ್ಡ್. ಪರದೆ ಬೆಳಗಿ, ಬೀಗ ತೆರೆದಿರುವಾಗ ಫೋನು ಟ್ಯಾಗ್‌ಗಳಿಗಾಗಿ ಹುಡುಕುತ್ತಲೇ ಇರುತ್ತದೆ. ಸಿಕ್ಕಿದೊಡನೆ ಅದನ್ನು ಯಾವ ಆ್ಯಪ್‌ಗೆ ಒಪ್ಪಿಸಬೇಕು ಎಂದು ಮೂರು ಹಂತದಲ್ಲಿ ನೋಡುತ್ತದೆ. ಮೊದಲು, ಎನ್‌ಡೆಫ್ ಸಂದೇಶ ಇದೆಯೇ, ಅದರ ವಿಷಯಕ್ಕೆ ಹೊಂದುವ ಫಿಲ್ಟರ್ ಯಾರಾದರೂ ಮ್ಯಾನಿಫೆಸ್ಟ್‌ನಲ್ಲಿ ಬರೆದಿದ್ದಾರೆಯೇ? ಇಲ್ಲದಿದ್ದರೆ, ಟ್ಯಾಗ್‌ನ ತಂತ್ರಜ್ಞಾನಕ್ಕೆ ಹೊಂದುವವರು ಇದ್ದಾರೆಯೇ? ಅದೂ ಇಲ್ಲದಿದ್ದರೆ, ಯಾವ ಟ್ಯಾಗ್ ಆದರೂ ಸರಿ ಎನ್ನುವವರು ಇದ್ದಾರೆಯೇ? ಮೆಟ್ರೊ ಕಾರ್ಡು ಮೊದಲ ಹಂತದಲ್ಲೇ ಜಾರಿಹೋಗುವುದು ಇದಕ್ಕೇ.

ಮೊದಲ ಹಂತದಲ್ಲಿ ಆ್ಯಂಡ್ರಾಯ್ಡ್ ನೋಡುವುದು ಸಂದೇಶದ ಮೊದಲ ರೆಕಾರ್ಡನ್ನು ಮಾತ್ರ. ಇದೊಂದು ಗೊತ್ತಿಲ್ಲದೆ ಒದ್ದಾಡುವವರು ಬಹಳ. ಮೊದಲ ರೆಕಾರ್ಡ್ ಪಠ್ಯವಾಗಿದ್ದು ಎರಡನೆಯದು ನಿಮ್ಮ ಡೊಮೈನ್‌ನ ವಿಳಾಸವಾಗಿದ್ದರೆ, ವಿಳಾಸಕ್ಕೆಂದು ಬರೆದ ಫಿಲ್ಟರ್ ಎಂದೂ ಎಚ್ಚರಗೊಳ್ಳದು. ಪಠ್ಯ ರೆಕಾರ್ಡನ್ನು ಆ್ಯಂಡ್ರಾಯ್ಡ್ ಸರಳ ಪಠ್ಯದ ಮೈಮ್ ಪ್ರಕಾರವಾಗಿ ನೋಡುತ್ತದೆ. ಆ ಪ್ರಕಾರಕ್ಕೆ ಕೈ ಎತ್ತುವ ಆ್ಯಪ್‌ಗಳು ಫೋನಿನಲ್ಲಿ ಎಷ್ಟಿವೆಯೋ ಅಷ್ಟೂ ಪಟ್ಟಿಯಾಗಿ ಬಂದು ಬಳಕೆದಾರರನ್ನು ಯಾವುದು ಬೇಕು ಎಂದು ಕೇಳುತ್ತವೆ. ಆದ್ದರಿಂದ ಮರದ ಟ್ಯಾಗ್‌ನಲ್ಲಿ ಹೆಸರನ್ನು ಮೊದಲು ಇಡಬಾರದು. ವಿಳಾಸ ಮೊದಲು, ಹೆಸರು ಆಮೇಲೆ.

ಆ್ಯಂಡ್ರಾಯ್ಡ್ 4.0ರಿಂದ ಇನ್ನೊಂದು ಅಸ್ತ್ರವಿದೆ: ಆ್ಯಪ್‌ನ ಪ್ಯಾಕೇಜ್ ಹೆಸರನ್ನೇ ಹೊತ್ತ ರೆಕಾರ್ಡ್. ಇದಕ್ಕೆ ಎಎಆರ್ ಎನ್ನುತ್ತಾರೆ. ಇದು ಸಂದೇಶದಲ್ಲಿ ಎಲ್ಲಿದ್ದರೂ ಆ್ಯಂಡ್ರಾಯ್ಡ್ ಹುಡುಕಿ ಅದೇ ಆ್ಯಪ್ ತೆರೆಯುತ್ತದೆ, ಇಲ್ಲದಿದ್ದರೆ ಪ್ಲೇ ಸ್ಟೋರ್ ಪುಟಕ್ಕೆ ಒಯ್ಯುತ್ತದೆ. ಅದನ್ನು ಕೊನೆಯಲ್ಲಿಡಿ. ಮೊದಲಿಟ್ಟರೆ ವಿಷಯ ನೋಡಿ ಹಂಚುವ ಅವಕಾಶವೇ ತಪ್ಪುತ್ತದೆ. ಬೆಲೆಯೂ ಕಡಿಮೆಯಲ್ಲ: ತಲೆಗೆ 3, ಪ್ರಕಾರದ ಹೆಸರಿಗೆ 15, ಪ್ಯಾಕೇಜ್ ಹೆಸರು 20 ಅಕ್ಷರವಾದರೆ ಅಲ್ಲಿಗೆ 38 ಬೈಟ್. 137ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಉದ್ಯಾನಕ್ಕೆ ಬಂದವರೆಲ್ಲ ಆ್ಯಪ್ ಹಾಕಿಕೊಳ್ಳಲೇಬೇಕೆಂದು ನಾನಾದರೆ ಹಠ ಹಿಡಿಯುವುದಿಲ್ಲ, ಆ್ಯಪ್ ಇಲ್ಲದವರಿಗೆ ಬ್ರೌಸರ್‌ನಲ್ಲಿ ಪುಟ ತೆರೆದರೆ ಸಾಕು. ಹಾಗಾಗಿ ಎಎಆರ್ ಬಿಡುತ್ತೇನೆ. ಗೋದಾಮಿನ ಸಿಬ್ಬಂದಿಗಷ್ಟೇ ಬೇಕಾದ ಆ್ಯಪ್‌ಗೆ ಲೆಕ್ಕ ತಿರುಗಾಮುರುಗಾ.

ಇದೆಲ್ಲ ಆ್ಯಪ್ ಮುಚ್ಚಿರುವಾಗಿನ ಮಾತು. ತೆರೆದಿರುವಾಗ ಬರುವ ಟ್ಯಾಗ್ ನೇರವಾಗಿ ನಮಗೇ ಸಿಗಬೇಕು. ಅದಕ್ಕೆ ಎರಡು ದಾರಿ.

ಹಳೆಯದು ಫೋರ್‌ಗ್ರೌಂಡ್ ಡಿಸ್‌ಪ್ಯಾಚ್. ಆ್ಯಕ್ಟಿವಿಟಿ, ಅಂದರೆ ಆ್ಯಪ್‌ನ ಪರದೆ, ಕಣ್ಣ ಮುಂದೆ ಬಂದಾಗ ಶುರು ಮಾಡಿ, ಮರೆಗೆ ಸರಿದಾಗ ನಿಲ್ಲಿಸಬೇಕು. ಟ್ಯಾಗ್ ಸಿಕ್ಕಾಗ ನಾವು ಮೊದಲೇ ಕೊಟ್ಟ ಪೆಂಡಿಂಗ್ ಇಂಟೆಂಟ್‌ನೊಳಗೆ ಸಿಸ್ಟಮ್ ಸಂದೇಶವನ್ನು ತುಂಬಿ ಕಳುಹಿಸುತ್ತದೆ. ಆ್ಯಂಡ್ರಾಯ್ಡ್ 12ಕ್ಕೆ ಗುರಿಯಿಟ್ಟ ಆ್ಯಪ್‌ಗಳು ಪೆಂಡಿಂಗ್ ಇಂಟೆಂಟ್ ಬದಲಾಗಬಹುದೋ ಬಾರದೋ ಎಂದು ಸ್ಪಷ್ಟವಾಗಿ ಹೇಳಬೇಕು. ಬದಲಾಗಬಾರದು ಎನ್ನುವುದೇ ಸುರಕ್ಷಿತ ಎಂದು ಎಲ್ಲೆಡೆ ಸಲಹೆ ಇದೆ, ಎಡಿಟರ್ ಕೂಡ ಅದನ್ನೇ ಮುಂದಿಡುತ್ತದೆ. ಇಲ್ಲಿ ಮಾತ್ರ ಆ ಸಲಹೆ ಕೇಳಬಾರದು. ಸಿಸ್ಟಮ್ ಒಳಗೆ ಏನಾದರೂ ತುಂಬಬೇಕಾದರೆ ಅದು ಬದಲಾಗುವಂಥದ್ದೇ ಆಗಿರಬೇಕು, ಇಲ್ಲದಿದ್ದರೆ ಇಂಟೆಂಟ್ ಬರುತ್ತದೆ, ಒಳಗೆ ಸಂದೇಶ ಇರುವುದಿಲ್ಲ. ದೋಷಸಂದೇಶವೂ ಇಲ್ಲದೆ ಕಾಡುವ ತಪ್ಪುಗಳಲ್ಲಿ ಇದಕ್ಕೆ ಮೇಲಿನ ಸ್ಥಾನ.

ಹೊಸದು ರೀಡರ್ ಮೋಡ್, ಆ್ಯಂಡ್ರಾಯ್ಡ್ 4.4ರಿಂದ. ಇದರಲ್ಲಿ ಇಂಟೆಂಟ್ ಗೊಡವೆಯಿಲ್ಲ, ಕಾಲ್‌ಬ್ಯಾಕ್‌ಗೆ ಟ್ಯಾಗ್ ನೇರ ಬರುತ್ತದೆ. ಕಾಲ್‌ಬ್ಯಾಕ್ ನಡೆಯುವುದು ಮುಖ್ಯ ಥ್ರೆಡ್‌ನಲ್ಲಲ್ಲ. ಟ್ಯಾಗ್ ಓದಲು ಅದು ಅನುಕೂಲ, ಪರದೆಯ ಮೇಲೆ ಬರೆಯಬೇಕಾದರೆ ಮುಖ್ಯ ಥ್ರೆಡ್‌ಗೆ ಹಿಂದಿರುಗಬೇಕು. ಎನ್‌ಡೆಫ್ ಪರಿಶೀಲನೆ ಬಿಟ್ಟುಬಿಡು ಎಂಬ ಒಂದು ಫ್ಲ್ಯಾಗ್ ಇದೆ. ವೇಗ ಹೆಚ್ಚಲೆಂದು ಅದನ್ನು ಹಾಕಿ, ಆಮೇಲೆ ಎನ್‌ಡೆಫ್ ವಸ್ತು ಕೇಳಿದರೆ ನಲ್, ಅಂದರೆ ಏನೂ ಇಲ್ಲ ಎಂಬ ಉತ್ತರ, ಬರುತ್ತದೆ. ಪರೀಕ್ಷಿಸಬೇಡ ಎಂದಿದ್ದು ನಾವೇ ತಾನೇ. ಹೊಸದಾಗಿ ಬರೆಯುವವರಿಗೆ ನನ್ನ ಮತ ರೀಡರ್ ಮೋಡ್‌ಗೆ, ಮುಚ್ಚಿದ ಆ್ಯಪ್ ತೆರೆಯಲು ಮ್ಯಾನಿಫೆಸ್ಟ್ ಫಿಲ್ಟರ್.

ಆ ಫಿಲ್ಟರ್ ದಾರಿಯಲ್ಲಿ ಬಂದ ಇಂಟೆಂಟ್‌ನಲ್ಲಿ ಸಂದೇಶಗಳ ಒಂದು ಸಾಲು ಇರುತ್ತದೆ, ಸಾಮಾನ್ಯವಾಗಿ ಒಂದೇ ಸಂದೇಶದ ಸಾಲು. ಆ ಸಾಲು ಪಾರ್ಸೆಲೆಬಲ್ ಎಂಬ ಸಾಮಾನ್ಯ ಪ್ರಕಾರದ ವಸ್ತುಗಳದ್ದು. ಅದನ್ನು ಸಾರಾಸಗಟಾಗಿ ಎನ್‌ಡೆಫ್‌ಮೆಸೇಜ್ ಸಾಲೆಂದು ಕಾಸ್ಟ್ ಮಾಡದೆ ಒಂದೊಂದನ್ನೇ ತೆಗೆದುಕೊಳ್ಳಬೇಕು. ಫೋನ್ ತಿರುಗಿಸಿದಾಗ ಆ್ಯಕ್ಟಿವಿಟಿ ಹೊಸದಾಗಿ ಹುಟ್ಟುತ್ತದೆ, ಹಳೆಯ ಇಂಟೆಂಟ್ ಹಾಗೇ ಕೈಯಲ್ಲಿರುತ್ತದೆ. ಹಾಜರಿ ಹಾಕುವ ಆ್ಯಪ್ ಆದರೆ ಒಬ್ಬರಿಗೆ ಎರಡು ಹಾಜರಿ! ಒಮ್ಮೆ ನಿಭಾಯಿಸಿದ ಇಂಟೆಂಟನ್ನು ಗುರುತು ಹಾಕಿಡಬೇಕು.

ಹಳೆಯ ಪಾಠಗಳಲ್ಲಿ ಎರಡು ಫೋನುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಸಂದೇಶ ತಳ್ಳುವ ಕೋಡ್ ಕಂಡರೆ ಮುಂದೆ ಓದುವುದೇ ಬೇಡ. ಆ್ಯಂಡ್ರಾಯ್ಡ್ ಬೀಮ್ ಎಂಬ ಆ ಸೌಲಭ್ಯವನ್ನು ಆ್ಯಂಡ್ರಾಯ್ಡ್ 10ರಲ್ಲಿ ಬದಿಗಿಟ್ಟರು, 14ರಲ್ಲಿ ಕಿತ್ತೇಹಾಕಿದರು.

ಬರೆಯುವಾಗ

ಓದುವುದಕ್ಕಿಂತ ಬರೆಯುವುದಕ್ಕೆ ತಾಳ್ಮೆ ಹೆಚ್ಚು ಬೇಕು, ಏಕೆಂದರೆ ನಡುವೆ ಮನುಷ್ಯನ ಕೈ ಇದೆ. ಅದು ಅಲುಗುತ್ತದೆ.

ಟ್ಯಾಗ್‌ನಿಂದ ಎನ್‌ಡೆಫ್ ವಸ್ತು ಪಡೆಯಲು ನೋಡಿ. ನಲ್ ಬಂದರೆ ಅದು ಇನ್ನೂ ಎನ್‌ಡೆಫ್‌ಗೆ ಸಜ್ಜಾಗಿಲ್ಲ, ಎನ್‌ಡೆಫ್‌ಫಾರ್ಮ್ಯಾಟಬಲ್ ಆಗಿದೆಯೇ ಕೇಳಿ. ಅದೂ ಇಲ್ಲವೆಂದರೆ ಆ ಟ್ಯಾಗ್ ನಮ್ಮ ಕೆಲಸಕ್ಕಲ್ಲ. ಎನ್‌ಡೆಫ್ ವಸ್ತು ಸಿಕ್ಕಿದರೆ ಬರೆಯಲು ಅನುಮತಿ ಇದೆಯೇ, ಸಂದೇಶದ ಬೈಟ್ ಉದ್ದ ಗರಿಷ್ಠ ಗಾತ್ರದೊಳಗಿದೆಯೇ ಎಂದು ನೋಡಿಕೊಂಡು ಸಂಪರ್ಕ ತೆರೆದು ಬರೆಯಿರಿ. ಇದೆಲ್ಲ ಮುಖ್ಯ ಥ್ರೆಡ್‌ನಿಂದ ಹೊರಗೆ ನಡೆಯಬೇಕು, ಸಂಪರ್ಕ ಏನೇ ಆದರೂ ಮುಚ್ಚಬೇಕು. ಬರೆಯುವ ನಡುವೆ ಟ್ಯಾಗ್ ದೂರ ಸರಿದರೆ ಟ್ಯಾಗ್‌ಲಾಸ್ಟ್ ಎಕ್ಸೆಪ್ಶನ್ ಬರುತ್ತದೆ. ಅದು ಐಒ ಎಕ್ಸೆಪ್ಶನ್‌ನ ಕುಡಿ, ಪ್ರತ್ಯೇಕವಾಗಿ ಹಿಡಿದು "ಮತ್ತೊಮ್ಮೆ ಹಿಡಿಯಿರಿ" ಎಂದು ಹೇಳುವುದು ಸೌಜನ್ಯ.

ಅರ್ಧ ಬರೆದ ಟ್ಯಾಗ್ ಏನಾಗುತ್ತದೆ? ನಿಯಮದ ಪ್ರಕಾರ ಬರೆಯುವವರು ಮೊದಲು ಹೊದಿಕೆಯ ಉದ್ದದ ಬೈಟನ್ನು 0 ಮಾಡಿ, ಸಂದೇಶ ಬರೆದು, ಕೊನೆಗೆ ನಿಜವಾದ ಉದ್ದವನ್ನು ತುಂಬಬೇಕು. ನಡುವೆ ಕೈ ತಪ್ಪಿದರೆ ಟ್ಯಾಗ್ ಖಾಲಿಯಂತೆ ಕಾಣುತ್ತದೆಯೇ ಹೊರತು ಅರ್ಧಂಬರ್ಧ ಸಂದೇಶ ತೋರಿಸುವುದಿಲ್ಲ. ನನಗೆ ಈ ಒಪ್ಪಂದದಲ್ಲಿ ತುಂಬ ಇಷ್ಟವಾದ ಭಾಗ ಇದು. ಹಾಗಾಗಿ ಖಾಲಿ ಟ್ಯಾಗ್ ಸಿಕ್ಕಾಗ ಹೊಸದೆಂದೇ ತೀರ್ಮಾನಿಸದೆ, ಬರೆದು ಕೆಟ್ಟದ್ದೂ ಇರಬಹುದೆಂದು ಎಣಿಸಿ.

ಬರೆದ ಮೇಲೆ ಮತ್ತೆ ಓದಿ ಹೋಲಿಸುವಾಗ ಕ್ಯಾಶ್ ಮಾಡಿದ ಸಂದೇಶ ಕೊಡುವ ಮೆಥಡ್ ಕರೆಯಬೇಡಿ. ಅದು ಟ್ಯಾಗ್ ಮೊದಲು ಸಿಕ್ಕಾಗ ಓದಿಟ್ಟುಕೊಂಡ ಹಳೆಯ ಪ್ರತಿ. ಟ್ಯಾಗ್‌ನಿಂದ ಹೊಸದಾಗಿ ಓದುವ ಮೆಥಡ್ ಬೇರೆ ಇದೆ. ಇನ್ನು, ಶಾಶ್ವತವಾಗಿ ಓದಲಿಕ್ಕಷ್ಟೇ ಮಾಡುವ ಮೆಥಡ್ ನಿಜಕ್ಕೂ ಶಾಶ್ವತ. ಕಾಗುಣಿತ ನೋಡಿಕೊಂಡು ಒತ್ತಿ.

ಬರೆದು ಮುಗಿಸಿ ಆ್ಯಪ್ ಮುಚ್ಚಿದೊಡನೆ ಬ್ರೌಸರ್ ತಾನಾಗಿ ತೆರೆದುಕೊಂಡರೆ ಅದಕ್ಕೂ ಕಾರಣವಿದೆ: ಟ್ಯಾಗ್ ಇನ್ನೂ ಫೋನಿನ ಬೆನ್ನಿಗೇ ಇದೆ, ಈಗ ಅದರಲ್ಲಿ ವಿಳಾಸವಿದೆ, ಹಂಚುವ ವ್ಯವಸ್ಥೆ ತನ್ನ ಕೆಲಸ ಮಾಡಿತು. ಟ್ಯಾಗ್ ದೂರ ಹೋಗುವವರೆಗೆ ಅದನ್ನು ಲೆಕ್ಕಿಸಬೇಡ ಎನ್ನುವ ಇಗ್ನೋರ್ ಮೆಥಡ್ ಆ್ಯಂಡ್ರಾಯ್ಡ್ 7ರಿಂದ ಇದೆ.

ಟ್ಯಾಗ್ ಹೇಳಿದ್ದನ್ನೆಲ್ಲ ನಂಬಬಹುದೇ

ಮರಕ್ಕೆ ಅಂಟಿಸಿದ ಟ್ಯಾಗ್ ಮೇಲೆ ಬೇರೆಯವರು ತಮ್ಮ ಟ್ಯಾಗ್ ಅಂಟಿಸಬಹುದು. ಬೀಗ ಹಾಕದಿದ್ದರೆ ನಿಮ್ಮದರಲ್ಲೇ ಬೇರೆ ಬರೆಯಬಹುದು. ಭದ್ರತಾ ಸಂಶೋಧಕ ಕೊಲಿನ್ ಮುಲ್ಲಿನರ್ 2008ರಲ್ಲೇ ನೋಕಿಯಾ 6131 ಫೋನಿನಲ್ಲಿ ಇದನ್ನು ತೋರಿಸಿದ್ದರು: ವಿಳಾಸದ ಜೊತೆ ಶೀರ್ಷಿಕೆಯೂ ಇರುವ ಸ್ಮಾರ್ಟ್ ಪೋಸ್ಟರ್ ಎಂಬ ರೆಕಾರ್ಡ್‌ನಲ್ಲಿ, ಶೀರ್ಷಿಕೆಯನ್ನು ಜಾಣತನದಿಂದ ಬರೆದು ನಿಜವಾದ ವಿಳಾಸವನ್ನು ಬಳಕೆದಾರರ ಕಣ್ಣಿಂದ ಮರೆಸಿದರು. 2012ರಲ್ಲಿ ಚಾರ್ಲಿ ಮಿಲ್ಲರ್ ನೆಕ್ಸಸ್ ಎಸ್ ಮತ್ತು ನೋಕಿಯಾ ಎನ್9 ಫೋನುಗಳನ್ನು ಪರೀಕ್ಷಿಸಿ, ಟ್ಯಾಗ್ ಹತ್ತಿರ ತಂದರೆ ಸಾಕು, ಬಳಕೆದಾರರನ್ನು ಕೇಳದೆಯೇ ಬ್ರೌಸರ್‌ನಲ್ಲಿ ಪುಟ ತೆರೆಸಬಹುದೆಂದು ತೋರಿಸಿದರು.

ಆ್ಯಪ್ ಬರೆಯುವವರಿಗೆ ಇದರ ಅರ್ಥ, ಟ್ಯಾಗ್‌ನಿಂದ ಬಂದದ್ದು ಅಪರಿಚಿತರು ಟೈಪ್ ಮಾಡಿದ್ದಕ್ಕೆ ಸಮ. ಡೊಮೈನ್ ನಮ್ಮದೇ ಎಂದು ನೋಡದೆ ವಿಳಾಸ ತೆರೆಯಬಾರದು. ಟ್ಯಾಗ್‌ನ 7 ಬೈಟಿನ ಕ್ರಮಸಂಖ್ಯೆಯನ್ನು ಗುಪ್ತಪದದಂತೆ ಬಳಸಬಾರದು. ಅದನ್ನು ಯಾರಾದರೂ ಓದಬಹುದು, ಬೇಕಾದ ಕ್ರಮಸಂಖ್ಯೆ ಹಾಕಿಕೊಳ್ಳಬಲ್ಲ ನಕಲಿ ಟ್ಯಾಗ್‌ಗಳೂ ಮಾರಾಟಕ್ಕಿವೆ. ಟ್ಯಾಗ್ ಅಸಲಿಯೇ ಎಂದು ತಿಳಿಯಲೇಬೇಕಾದ ಕಡೆ ಎನ್‌ಟ್ಯಾಗ್ 424 ಡಿಎನ್‌ಎ ಥರದ ಚಿಪ್ಪು ಬೇಕು. ಅದು ಪ್ರತಿ ಸಲ ಓದಿದಾಗಲೂ ವಿಳಾಸದ ಬಾಲದಲ್ಲಿ ಹೊಸ ಗೂಢಸಂಕೇತ ಸೇರಿಸಿ ಕೊಡುತ್ತದೆ, ಸರ್ವರ್ ಅದನ್ನು ತಾಳೆ ನೋಡುತ್ತದೆ. ಆ್ಯಪ್‌ಗೆ ಕಾಣುವುದು ಮಾಮೂಲಿ ಯುಆರ್‌ಐ ರೆಕಾರ್ಡೇ.

ಐಫೋನ್, ಮತ್ತು ಪರೀಕ್ಷೆ

ಬೈಟುಗಳ ಒಪ್ಪಂದ ಒಂದೇ ಆದ್ದರಿಂದ ಮೊದಲೆರಡು ಭಾಗಗಳಲ್ಲಿ ಹೇಳಿದ್ದೆಲ್ಲ ಐಫೋನ್‌ಗೂ ಸಲ್ಲುತ್ತದೆ. ಆ್ಯಪ್‌ಗಳಿಗೆ ಅಲ್ಲಿ ಎನ್‌ಡೆಫ್ ಓದಲು ದಾರಿ ಸಿಕ್ಕಿದ್ದು 2017ರ ಐಒಎಸ್ 11ರಲ್ಲಿ, ಬರೆಯಲು ಐಒಎಸ್ 13ರಲ್ಲಿ. ಪಠ್ಯ ರೆಕಾರ್ಡನ್ನು ಬಿಡಿಸಿಕೊಡುವ ಮೆಥಡ್ ಅಲ್ಲಿ ಸಿದ್ಧವಾಗಿಯೇ ಇದೆ, ಭಾಷೆಯನ್ನೂ ಹೇಳುತ್ತದೆ. 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಆಚೆಗೆ ಆ್ಯಪ್ ತೆರೆಯದೆಯೂ ಟ್ಯಾಗ್ ಓದುತ್ತದೆ, ಆದರೆ ಯುಆರ್‌ಐ ರೆಕಾರ್ಡ್ ಇದ್ದರೆ ಮಾತ್ರ. ಬರೀ ಪಠ್ಯವಿರುವ ಟ್ಯಾಗ್‌ಗೆ ಐಫೋನ್ ಸುಮ್ಮನಿರುತ್ತದೆ. ಎಎಆರ್ ಅದಕ್ಕೆ ಲೆಕ್ಕಕ್ಕಿಲ್ಲ.

ಪರೀಕ್ಷೆಯ ವಿಷಯ. ಟ್ಯಾಗ್ ಹಿಡಿದು ಹಿಡಿದು ನೋಡುವುದರಿಂದ ಸಿಗುವ ಭರವಸೆ ಅಷ್ಟಕ್ಕಷ್ಟೇ. ಪಠ್ಯ ಬಿಡಿಸುವ ಕೋಡನ್ನು ಆ್ಯಂಡ್ರಾಯ್ಡ್‌ನ ಯಾವ ಕ್ಲಾಸನ್ನೂ ಮುಟ್ಟದ, ಬೈಟ್ ಸಾಲು ತೆಗೆದುಕೊಂಡು ಪಠ್ಯ ಕೊಡುವ ಒಂದು ಫಂಕ್ಷನ್ ಆಗಿ ಬರೆದರೆ ಅದನ್ನು ಫೋನೇ ಇಲ್ಲದೆ ಪರೀಕ್ಷಿಸಬಹುದು. ಮೇಲೆ ಕೊಟ್ಟ 22 ಬೈಟ್‌ಗಳ ಕೊನೆಯ 18 ಕೊಟ್ಟರೆ ಹೊಂಗೆ ಬರಬೇಕು. ಸ್ಥಿತಿಯ ಬೈಟನ್ನು 130 ಮಾಡಿ, ಪದವನ್ನು ಯುಟಿಎಫ್-16ರ 10 ಬೈಟ್‌ಗಳಾಗಿ ಕೊಟ್ಟರೂ ಅದೇ ಬರಬೇಕು. ಬೈಟ್ ಕ್ರಮದ ಗುರುತು ಇಲ್ಲದಿದ್ದರೆ ದೊಡ್ಡ ಬೈಟು ಮೊದಲು ಎಂದೇ ಓದಬೇಕು. ಭಾಷಾ ಸಂಕೇತ ಎರಡರ ಬದಲು ಐದಕ್ಷರದ್ದು ಇದ್ದರೂ ಕೆಡಬಾರದು, ಕೆಲವು ಆ್ಯಪ್‌ಗಳು ದೇಶದ ಹೆಸರನ್ನೂ ಅಂಟಿಸುತ್ತವೆ. ಪೇಲೋಡ್ ಪೂರಾ ಖಾಲಿ ಇದ್ದಾಗ, ಮತ್ತು ಭಾಷಾ ಸಂಕೇತ 40 ಅಕ್ಷರ ಎಂದು ಹೇಳಿ ಪೇಲೋಡ್ ಮೂರೇ ಬೈಟ್ ಇದ್ದಾಗ, ಫಂಕ್ಷನ್ ಕುಸಿಯದೆ ನಲ್ ಕೊಡಬೇಕು. ಕೊನೆಯ ಎರಡು ಸಂದರ್ಭಗಳು ಯಾರೋ ಬೇಕೆಂದೇ ಬರೆದ ಟ್ಯಾಗ್‌ನಲ್ಲಿ ಬರುವಂಥವು.